ವೈಪಾದಿಂದ ಗೋವ್‌ಗೆ ಒಂದೂಕಾಲು ಗಂಟೆ

ಕಮಿಲ್ಲಸ್ ಪಿರೇರಾನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಚರ್ಚಿನಲ್ಲಿ ಪಾಪನಿವೇದನೆಗೆ ಹೋದಾಗಲೂ ಹೇಳಿಕೊಳ್ಳಲು ಏನೂ ಹೊಳೆಯದೆ, ಹೋದ ಸಲ ಹೇಳಿದ್ದನ್ನೇ ಮತ್ತೊಮ್ಮೆ ಹೇಳಿ ಬರುವ ಮನುಷ್ಯ. ಅಂಥವನು ಒಂದು ಶುಕ್ರವಾರ ಸಂಜೆ, ಸಿಡ್ನಿಯ ಮಾರ್ಸ್ಡನ್ ಪಾರ್ಕ್ ಬಡಾವಣೆಯ ತನ್ನ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತ, ಬೇಲಿಯಾಚೆಯಿಂದ ಬಂದ ಪ್ರಶ್ನೆಗೆ ಒಂದೇ ಒಂದು ಸುಳ್ಳು ಹೇಳಿದ. ಅಭ್ಯಾಸವಿಲ್ಲದವರು ಹಗ್ಗದ ಮೇಲೆ ನಡೆಯಲು ಹೋದರೆ ಏನಾಗುತ್ತದೋ ಅದೇ ಆಯಿತು.

ಬೇಲಿಯ ಮೇಲೆ ಮೊದಲು ಕಾಣಿಸಿದ್ದು ಒಂದು ಕನ್ನಡಕ, ಆಮೇಲೆ ಅದರ ಹಿಂದಿನ ಉಮಾಶಂಕರ್.

“ಏನ್ ಕಮಿಲ್ಲಸ್, ನಾಳೆ ಏನ್ ಪ್ರೋಗ್ರಾಮು? ನಿಮ್ಮ ಮನೆಯವರು ಡೊರೊಥಿ ಬೇರೆ ಮಗಳ ಹತ್ರ ಮೆಲ್ಬೋರ್ನಲ್ಲಿ. ಒಬ್ರೇ ಇದೀರ. ಊಟಕ್ಕೆ ಬಂದ್ಬಿಡಿ, ನನ್ನ ಹೆಂಡ್ತಿ ಬಿಸಿಬೇಳೆ ಮಾಡ್ತಾಳಂತೆ.”

“ಇಲ್ಲ ಸರ್, ನಾಳೆ ನಂಗೆ ಕೆಲಸದ ಮೇಲೆ ಹೋಗ್ಲಿಕ್ಕುಂಟು.”

“ಶನಿವಾರ ಎಂಥ ಕೆಲ್ಸ? ಎಲ್ಲಿಗೆ?”

ಇದನ್ನು ಕಮಿಲ್ಲಸ್ ಮೊದಲೇ ಯೋಚಿಸಿಟ್ಟುಕೊಂಡಿರಲಿಲ್ಲ. ಚಾಟ್ಸ್‌ವುಡ್‌ನ ಒಂದು ಏರ್ ಕಂಡೀಷನ್ ಕಂಪನಿಯಲ್ಲಿ ಅವನು ಸೂಪರ್‌ವೈಸರ್. ಎರಡು ವರ್ಷದ ಹಿಂದೆ ಕಂಪನಿ ಅವನನ್ನು ಆಸ್ಟ್ರೇಲಿಯಾದ ಉತ್ತರದ ತುದಿಯಲ್ಲಿರುವ ಒಂದು ಗಣಿ ಊರಿಗೆ ಕಳಿಸಿತ್ತು. ಕೆಂಪು ಮಣ್ಣು, ಸಮುದ್ರದಲ್ಲಿ ಮೊಸಳೆ, ದಿನಕ್ಕೊಂದೋ ಎರಡೋ ವಿಮಾನ. ಅದಕ್ಕಿಂತ ದೂರದ ಜಾಗ ಅವನ ತಲೆಗೆ ಹೊಳೆಯಲಿಲ್ಲ.

“ವೈಪಾ. ರಾತ್ರಿಯೇ ವಾಪಸ್,” ಎಂದ.

ನಿಜ ಸಂಗತಿ ಬೇರೆ. ಮೆಲ್ಬೋರ್ನಿನಲ್ಲಿ ಓದುತ್ತಿದ್ದ ಮಗಳು ಮೆಲಿಶಾ ಬುಧವಾರ ಫೋನ್ ಮಾಡಿದ್ದಳು. “ಡ್ಯಾಡ್, ನೀವೂ ಮಮ್ಮಿನೂ ಸ್ಯಾಟರ್ಡೇ ಲಂಚ್‌ಗೆ ಬನ್ನಿ. ಐ ವಾಂಟ್ ಯೂ ಟು ಮೀಟ್ ಸಮ್‌ವನ್.” ಅದು ಹುಡುಗನೇ ಎಂದು ಕಮಿಲ್ಲಸ್‌ಗೆ ಆ ಕ್ಷಣವೇ ಅರ್ಥವಾಯಿತು. ಆದರೆ ಮಗಳು ಒಂದು ಷರತ್ತು ಹಾಕಿದ್ದಳು. “ಸಿಡ್ನಿಯಲ್ಲಿ ಯಾರಿಗೂ ಗೊತ್ತಾಗ್ಬಾರ್ದು. ಎಸ್ಪೆಷಲಿ ನಾಟ್ ಉಮಾ ಅಂಕಲ್ ನೆಕ್ಸ್ಟ್ ಡೋರ್. ಗೊತ್ತಾದ್ರೆ ಲಂಚ್ ಕ್ಯಾನ್ಸಲ್. ಪ್ರಾಮಿಸ್?”

ಕಮಿಲ್ಲಸ್ ಪ್ರಾಮಿಸ್ ಎಂದ. ಉಮಾ ಅಂಕಲ್‌ಗೆ ಏಕೆ ತಿಳಿಯಬಾರದು ಎಂದು ಕೇಳುವ ಅಗತ್ಯವೇ ಅವನಿಗೆ ಕಾಣಲಿಲ್ಲ. ಉಮಾಶಂಕರ್‌ಗೆ ಒಂದು ವಿಷಯ ತಿಳಿದರೆ ಪೆಂಡಲ್ ಹಿಲ್‌ನ ಅಂಗಡಿಯಲ್ಲಿ ಕರಿಬೇವು ಆರಿಸುವವರಿಗೂ ಅದೇ ದಿನ ತಿಳಿಯುತ್ತದೆ. ಗಂಡ ಹೆಂಡತಿ ಒಟ್ಟಿಗೆ ಒಂದು ದಿನಕ್ಕಾಗಿ ಮೆಲ್ಬೋರ್ನಿಗೆ ಓಡಿದರೆ ಮಗಳ ಮದುವೆಯ ಮಾತು ಎಂದು ಇಡೀ ಸಬರ್ಬಿಗೇ ಅರ್ಥವಾಗುತ್ತದೆ. ಅದಕ್ಕೇ ಡೊರೊಥಿ ಮಗಳನ್ನು ನೋಡುವ ನೆಪದಲ್ಲಿ ಎಲ್ಲರೆದುರೇ ಗುರುವಾರ ಹೋಗಿದ್ದಳು. ಕಮಿಲ್ಲಸ್ ಶನಿವಾರ ಬೆಳಿಗ್ಗೆ ಸದ್ದಿಲ್ಲದೆ ಹೋಗಿ ರಾತ್ರಿ ಸದ್ದಿಲ್ಲದೆ ಬರುವುದು ಎಂದು ತೀರ್ಮಾನವಾಗಿತ್ತು.

“ವೈಪಾನಾ!” ಉಮಾಶಂಕರ್ ಅವರ ಗಲ್ಲ, ಕೊರಳು, ಎರಡು ಕೈ ಎಲ್ಲವೂ ಬೇಲಿಯ ಮೇಲೆ ಬಂದವು. “ರೀ, ನಮ್ಮ ಅಭಯ್ ಇರೋದು ಅಲ್ಲೇ ಪಕ್ಕದಲ್ಲಿ ಕಣ್ರೀ!”

ಉಮಾಶಂಕರ್ ಮೈಸೂರಿನಿಂದ ಬಂದು, ಸಿಡ್ನಿಯಲ್ಲಿ ಮೂವತ್ತು ವರ್ಷ ಸೇತುವೆ ಕಟ್ಟಿಸಿ ನಿವೃತ್ತರಾದ ಇಂಜಿನಿಯರ್. ಈ ಮನೆಗೆ ಬಂದು ಒಂದು ವರ್ಷವಾಗಿತ್ತು. ಅವರ ಒಬ್ಬನೇ ಮಗ ಅಭಯ್ ಡಾಕ್ಟರು. ದೇಶದ ಊರೆಲ್ಲ ಬಿಟ್ಟು ಉತ್ತರದ ಗೋವ್ ಎಂಬಲ್ಲಿಯ ಆಸ್ಪತ್ರೆಗೆ ಸೇರಿದ್ದ. ರಜೆ ಸಿಗುವುದಿಲ್ಲ, ನೆಟ್‌ವರ್ಕ್ ಸಿಗುವುದಿಲ್ಲ, ಇಲ್ಲಿಗೆ ಬರುವ ವಿಮಾನ ಬಂದರೆ ಬಂತು ಇಲ್ಲದಿದ್ದರೆ ಇಲ್ಲ, ನೀವಂತೂ ಬರುವ ಸಾಹಸ ಮಾಡಲೇಬೇಡಿ ಎಂದು ತಂದೆತಾಯಿಗೆ ಹೇಳಿಟ್ಟಿದ್ದ. ಈ ಹೊಸ ಮನೆಯ ಹೊಸಿಲನ್ನೇ ಅವನು ಇನ್ನೂ ದಾಟಿರಲಿಲ್ಲ. ಕಮಿಲ್ಲಸ್ ಅವನನ್ನು ಕಂಡದ್ದು ಉಮಾಶಂಕರ್ ಅವರ ಟೀವಿಯ ಮೇಲಿನ ಫೋಟೋದಲ್ಲಿ, ಅದೂ ಏಳನೇ ಕ್ಲಾಸಿನ ಯೂನಿಫಾರ್ಮಿನಲ್ಲಿ.

“ಪಕ್ಕದಲ್ಲಿ ಎಂತ ಸರ್, ಅದು ಬೇರೆ ಸ್ಟೇಟು. ನಡುವೆ ಸಮುದ್ರ ಉಂಟು.”

ಉಮಾಶಂಕರ್ ಆಗಲೇ ಫೋನಿನಲ್ಲಿ ಒಂದು ವೆಬ್‌ಸೈಟ್ ತೆರೆದಿದ್ದರು. ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿದರೆ ಅವುಗಳ ನಡುವಿನ ದೂರವನ್ನೂ ಪ್ರಯಾಣದ ಹೊತ್ತನ್ನೂ ಹೇಳುವ ವೆಬ್‌ಸೈಟು ಅದು. “ನೋಡಿ. ವೈಪಾ ಟು ಗೋವ್. ಐನೂರ ಐವತ್ತೈದು ಕಿಲೋಮೀಟರು. ಫ್ಲೈಟ್ ಟೈಮು ಒಂದೂಕಾಲು ಗಂಟೆ! ಮಾರ್ಸ್ಡನ್ ಪಾರ್ಕಿಂದ ಚಾಟ್ಸ್‌ವುಡ್‌ಗೆ ಹೋಗೋಕೆ ನಿಮಗೆ ಇದಕ್ಕಿಂತ ಹೆಚ್ಚು ಹೊತ್ತು ಬೇಕು.”

“ಆದರೆ ಆ ದಾರಿಯಲ್ಲಿ ವಿಮಾನವೇ ಇಲ್ಲ ಸರ್. ನಾನು ಹೋಗಿದ್ದೇನಲ್ಲ. ಕೆರ್ನ್ಸ್‌ಗೆ ವಾಪಸ್ ಬಂದು ಸುತ್ತು ಹಾಕ್ಬೇಕು.”

“ಅದೆಲ್ಲ ಎರಡು ವರ್ಷದ ಹಿಂದೆ. ದೂರ ಕೊಟ್ಟಿದಾರೆ, ಟೈಮ್ ಕೊಟ್ಟಿದಾರೆ. ವಿಮಾನ ಇಲ್ದೆ ಟೈಮ್ ಹೇಗ್ರೀ ಕೊಡ್ತಾರೆ?”

ಕಮಿಲ್ಲಸ್ ಒದ್ದೆ ಅಂಗಿಯೊಂದನ್ನು ಕೊಡವಿ ಒಣಹಾಕಿದ. ಅಲ್ಲಿಗೆ, ಉಮಾಶಂಕರ್ ಅವರ ಮಟ್ಟಿಗೆ, ವೈಪಾದಿಂದ ಗೋವ್‌ಗೆ ವಿಮಾನ ಹಾರಾಟ ಆರಂಭವಾಯಿತು; ಕಮಿಲ್ಲಸ್ ಅದರಲ್ಲಿ ಹೋಗಿ ಅಭಯ್‌ನನ್ನು ನೋಡಿ ಬರುವುದೂ ನಿಶ್ಚಯವಾಯಿತು.

ಬೆಳಿಗ್ಗೆ ಕಮಿಲ್ಲಸ್ ಟ್ಯಾಕ್ಸಿಗೆ ಫೋನ್ ಮಾಡುವ ಮೊದಲೇ ಉಮಾಶಂಕರ್ ಕಾರನ್ನು ಅವನ ಮನೆಯ ಮುಂದೆ ತಂದು ನಿಲ್ಲಿಸಿ ಹಾರ್ನ್ ಹೊಡೆದರು. ಇಲ್ಲಿಯ ಕನ್ನಡಿಗರ ಪೈಕಿ ಯಾರೂ ಪಕ್ಕದ ಮನೆಯವರನ್ನು ಏರ್‌ಪೋರ್ಟಿಗೆ ಟ್ಯಾಕ್ಸಿಯಲ್ಲಿ ಹೋಗಲು ಬಿಡುವುದಿಲ್ಲ. ಬಿಟ್ಟರೆ ಜನ ಏನೆಂದುಕೊಂಡಾರು ಎಂಬ ಭಯ. ಅದರ ಜೊತೆಗೆ, ಒಂದು ಸೂಟ್‌ಕೇಸು ಎಲ್ಲಿಗಾದರೂ ಹೊರಟಿತೆಂದರೆ ಅದರ ಜೊತೆ ಇನ್ನೊಬ್ಬರ ಪೊಟ್ಟಣ ಹೋಗದಿದ್ದರೆ ಆ ಪ್ರಯಾಣಕ್ಕೇ ಅರ್ಥವಿಲ್ಲ ಎಂಬ ನಂಬಿಕೆ.

ಉಮಾಶಂಕರ್ ಅವರ ಹೆಂಡತಿ, ಇಂದು, ಎರಡೂ ಕೈಯಲ್ಲಿ ಒಂದು ದೊಡ್ಡ ಸ್ಟೀಲ್ ಡಬ್ಬವನ್ನು ಹಸುಗೂಸಿನಂತೆ ಹಿಡಿದುಕೊಂಡು ಬಂದರು. ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆಸಿದ ಅಕ್ಷರ: ‘ಇಂದು ಉಮಾಶಂಕರ್, ಮೈಸೂರು.’ ಮದುವೆಯಲ್ಲಿ ತವರಿನವರು ಕೊಟ್ಟ ಪಾತ್ರೆ.

“ದೋಸೆ ಹಿಟ್ಟು,” ಎಂದರು. “ನಾಲ್ಕು ತಿಂಗಳಾಯ್ತಂತೆ ಮಗು ದೋಸೆ ತಿಂದು. ಇವ್ರು ಲೆಕ್ಕ ಹಾಕಿದಾರೆ. ಕೆರ್ನ್ಸ್, ವೈಪಾ, ಅಲ್ಲಿಂದ ಒಂದೂಕಾಲು ಗಂಟೆ. ಈಗ ತಾನೇ ರುಬ್ಬಿದೀನಿ, ನೀವು ಗೋವ್‌ನಲ್ಲಿ ಇಳಿಯೋ ಹೊತ್ತಿಗೆ ಸರಿಯಾಗಿ ಹುದುಗು ಬಂದಿರುತ್ತೆ. ಆಮೇಲೆ ಡಬ್ಬ ಮಾತ್ರ ಮರೀದೆ ವಾಪಸ್ ತನ್ನಿ ಕಮಿಲ್ಲಸ್. ಅದು ನಮ್ಮಮ್ಮ ಕೊಟ್ಟಿದ್ದು.”

“ಆಂಟಿ, ಹಿಟ್ಟೆಲ್ಲ ವಿಮಾನದಲ್ಲಿ…”

“ಡೊಮೆಸ್ಟಿಕ್‌ನಲ್ಲಿ ಬಿಡ್ತಾರೆ. ನಾನು ವೆಬ್‌ಸೈಟ್ ನೋಡಿದೀನಿ,” ಎಂದರು ಉಮಾಶಂಕರ್.

ಅಷ್ಟರಲ್ಲಿ ಎದುರು ಮನೆಯ ಚಿತ್ರಾ ನೈಟಿಯ ಮೇಲೆ ಟವೆಲ್ ಹೊದ್ದು ರಸ್ತೆ ದಾಟಿ ಓಡಿ ಬಂದಳು. ಕೈಯಲ್ಲಿ ಮೈಸೂರು ಪಾಕಿನ ಪೊಟ್ಟಣ. “ಇದು ಅಭಯ್‌ಗೆ. ನಮ್ಮಕ್ಕನ ಮಗಳು ಕೈಯಾರೆ ಮಾಡಿರೋದು. ಹಾಗಂತ ಹೇಳೇ ಕೊಡ್ಬೇಕು ಅಂಕಲ್, ಸುಮ್ನೆ ಕೊಟ್ಬಿಡ್ಬೇಡಿ,” ಎಂದು ಇಂದುವಿನ ಕಡೆ ನೋಡಿ ನಕ್ಕಳು. ಇಂದುವೂ ನಕ್ಕರು. ಕಮಿಲ್ಲಸ್‌ಗೆ ಆ ನಗುವಿನ ಒಳಗು ತಿಳಿಯಲಿಲ್ಲ. ಹಿಟ್ಟನ್ನೂ ಪಾಕನ್ನೂ ಮೆಲ್ಬೋರ್ನಿನ ಯಾವ ಕಸದ ತೊಟ್ಟಿಗೆ ಹಾಕುವುದು ಎಂಬುದಷ್ಟೇ ಅವನ ಚಿಂತೆ. ಆದರೆ ಅಮ್ಮ ಕೊಟ್ಟದ್ದೆಂದ ಆ ಡಬ್ಬವನ್ನು ಮಾತ್ರ ಎರಡೂ ಕೈಯಿಂದ ಡಿಕ್ಕಿಯಲ್ಲಿ ಜೋಪಾನವಾಗಿ ಇಟ್ಟ.

ಏರ್‌ಪೋರ್ಟಿನ ಬಾಗಿಲಲ್ಲೇ ಇಳಿಸಿ ಹೋಗುತ್ತಾರೆ ಎಂದುಕೊಂಡಿದ್ದ. ಉಮಾಶಂಕರ್ ಕಾರನ್ನು ಪಾರ್ಕಿಂಗಿಗೇ ಒಯ್ದರು. ಇಲ್ಲಿ ದೇಶದೊಳಗಿನ ವಿಮಾನಗಳಿಗೆ ಬೀಳ್ಕೊಡುವವರೂ ಸೆಕ್ಯೂರಿಟಿ ದಾಟಿ ಗೇಟಿನ ತನಕ ಹೋಗಬಹುದು. ಈ ಸವಲತ್ತನ್ನು ಯಾರು ಮಾಡಿದರೋ ಅವರಿಗೆ ಕಮಿಲ್ಲಸ್ ಮನಸ್ಸಿನಲ್ಲೇ ಕೊಂಕಣಿಯಲ್ಲಿ ನಾಲ್ಕು ಮಾತು ಹೇಳಿದ. ಸೆಕ್ಯೂರಿಟಿಯ ಹೆಂಗಸು ಡಬ್ಬದ ಮುಚ್ಚಳ ತೆಗೆದು, ಮೂಸಿ, “ಪೇಂಟಾ?” ಎಂದು ಕೇಳಿದಳು. ಉಮಾಶಂಕರ್ ಅವಳಿಗೆ ಉದ್ದು, ಅಕ್ಕಿ, ಮೆಂತ್ಯದ ಪ್ರಮಾಣವನ್ನು ವಿವರಿಸಿದರು. ಹಿಂದಿನ ಕ್ಯೂ ಬೆಳೆಯತೊಡಗಿದ ಮೇಲೆ ಅವಳು ಕೈಮುಗಿಯುವುದೊಂದು ಬಾಕಿ, ಒಳಗೆ ಬಿಟ್ಟಳು.

ಕೆರ್ನ್ಸ್ ಗೇಟಿನ ಮುಂದೆ ಇಬ್ಬರೂ ಕುಳಿತರು. ಮೆಲ್ಬೋರ್ನಿನ ಗೇಟು ಎದುರಿಗೇ ಇತ್ತು. ಅಲ್ಲಿ ಜನ ಹತ್ತುತ್ತಿದ್ದರು. ಕಮಿಲ್ಲಸ್ ಅವರನ್ನು ಉಪವಾಸದ ದಿನ ಹೋಟೆಲಿನ ಮುಂದೆ ನಿಂತವನಂತೆ ನೋಡುತ್ತಿದ್ದ. ಕ್ಯೂ ಕರಗಿತು. ಗೇಟಿನ ಹುಡುಗಿ ಮೈಕು ಎತ್ತಿಕೊಂಡಳು.

“ಮೆಲ್ಬೋರ್ನಿಗೆ ಹೋಗುವ ಪ್ರಯಾಣಿಕರಾದ ಕಮಿಲ್ಲಸ್ ಪಿರೇರಾ ಅವರಿಗೆ ಇದು ಕೊನೆಯ ಕರೆ…”

ಅವಳ ಇಂಗ್ಲಿಷಿನಲ್ಲಿ ಹೆಸರು ಸ್ವಲ್ಪವೂ ಕೆಡದೆ, ಮಂಗಳೂರಿನ ಪಾದ್ರಿಯೇ ಕರೆದಷ್ಟು ಸ್ಪಷ್ಟವಾಗಿ ಬಂತು. ಉಮಾಶಂಕರ್ ಕನ್ನಡಕ ಸರಿಮಾಡಿಕೊಂಡರು. “ಕಮಿಲ್ಲಸ್, ನಿಮ್ಮನ್ನೇ ಕರೆದ ಹಾಗಾಯ್ತಲ್ಲ? ಮೆಲ್ಬೋರ್ನ್ ಅಂದ್ರಲ್ಲ?”

“ಅದು ಬೇರೆ ಕಮಿಲ್ಲಸ್ ಸರ್. ನಮ್ಮವರಲ್ಲಿ ಕಲ್ಲು ಎಸೆದರೆ ಒಬ್ಬ ಕಮಿಲ್ಲಸ್‌ಗೆ ಬೀಳ್ತದೆ.”

“ಪಿರೇರಾನೂ ಸೇರಿ?”

“ಇಬ್ಬರು ಉಂಟು.”

ಎರಡನೇ ಸಲ ಹೆಸರು ಕೂಗಿದರು. ಕಮಿಲ್ಲಸನ ಕಣ್ಣ ಮುಂದೆ ಮಗಳ ಮುಖ ಬಂತು. ಅಷ್ಟು ದಿನ ಬಚ್ಚಿಟ್ಟುಕೊಂಡ ಮಾತನ್ನು ಹೇಳಲು ಖಾಲಿ ಕುರ್ಚಿಯ ಮುಂದೆ ಕುಳಿತಿರುವ ಮುಖ. ಆಗ ದೇವರೇ ಬುದ್ಧಿ ಕೊಟ್ಟ.

“ಸರ್, ಪಾರ್ಕಿಂಗ್ ಹಾಕಿ ಅರ್ಧ ಗಂಟೆ ಆಗ್ತಾ ಬಂತಲ್ಲ? ಅರ್ಧ ಗಂಟೆ ದಾಟಿದ್ರೆ ಇಲ್ಲಿ ರೇಟು ಡಬಲ್ ಅಂತೆ.”

ಉಮಾಶಂಕರ್ ಅವರ ಮಂಡಿನೋವು ಆ ಕ್ಷಣವೇ ವಾಸಿಯಾಯಿತು. “ಅಯ್ಯೋ, ಮೊದಲೇ ಹೇಳ್ಬಾರ್ದಾ! ಡಬ್ಬ ಜೋಪಾನ!” ಎನ್ನುತ್ತ ಅವರು ಆ ಕಡೆ ಓಡಿದರು, ಕಮಿಲ್ಲಸ್ ಡಬ್ಬ ಅಪ್ಪಿಕೊಂಡು ಈ ಕಡೆ ಓಡಿದ.

ಫೆಬ್ರವರಿಯ ಬಿಸಿಲು, ಕಾರಿನ ಡಿಕ್ಕಿಯ ಕಾವು, ಅವನ ಎದೆಯ ಬಿಸಿ, ಇವೆಲ್ಲ ಸೇರಿ ಹಿಟ್ಟಿಗೆ ಅವಸರ ಹುಟ್ಟಿಸಿದ್ದವು. ಉಮಾಶಂಕರ್ ಅವರ ಲೆಕ್ಕದಲ್ಲಿ ಗೋವ್‌ನಲ್ಲಿ ಉಬ್ಬಬೇಕಾಗಿದ್ದದ್ದು ಕ್ಯಾನ್‌ಬೆರಾದ ಮೇಲೆ ಹಾರುವಾಗಲೇ ಉಬ್ಬಿತು. ಮುಚ್ಚಳ ಟಪ್ಪೆಂದು ಎದ್ದಿತು. ಕಮಿಲ್ಲಸ್ ಅದನ್ನು ಅಂಗೈಯಿಂದ ಅದುಮಿದ. ಹಿಟ್ಟು ಸುತ್ತಲಿಂದ ಇಳಿದು ಅವನ ಪ್ಯಾಂಟಿನ ಎರಡೂ ತೊಡೆಯ ಮೇಲೆ ನಿಧಾನವಾಗಿ ಹರಡಿಕೊಂಡಿತು. ಪಕ್ಕದ ಸೀಟಿನ ಮುದುಕ ಕಿಟಕಿಯ ಕಡೆಗೆ ಸರಿದು ಸರಿದು ವಿಮಾನದ ಹೊರಗೆ ಹೋಗುವುದೊಂದು ಬಾಕಿ ಇತ್ತು. ಹಿಟ್ಟನ್ನು ತೊಟ್ಟಿಗೆ ಎಸೆಯಬೇಕೆಂಬ ಯೋಚನೆ ಕಮಿಲ್ಲಸನ ತಲೆಯಿಂದ ಯಾವಾಗಲೋ ಹೋಗಿತ್ತು. ಒಂದು ಡಬ್ಬವನ್ನು ಅಷ್ಟು ಹೊತ್ತು ಅಪ್ಪಿಕೊಂಡಿದ್ದರೆ ಯಾರಿಗಾದರೂ ಪ್ರೀತಿ ಹುಟ್ಟುತ್ತದೆ.

ಊಟಕ್ಕೆಂದು ಮೆಲಿಶಾ ಆರಿಸಿದ್ದ ಹೋಟೆಲು ಟ್ರಾಮ್ ಹಳಿಯ ಪಕ್ಕದಲ್ಲೇ ಇತ್ತು. ಹೊಸ ಸೀರೆ ಉಟ್ಟು ಕುಳಿತಿದ್ದ ಡೊರೊಥಿ ಗಂಡನ ಪ್ಯಾಂಟು ನೋಡಿ ಎದ್ದು ನಿಂತಳು.

“ಎಂತ ಇದು ಅವತಾರ? ಹುಡುಗ ಈಗ ಬರ್ತಾನೆ!”

“ದೋಸೆ ಹಿಟ್ಟು.”

“ಮಗಳ ಹುಡುಗನನ್ನು ನೋಡ್ಲಿಕ್ಕೆ ಬರುವಾಗ ಯಾರಾದರೂ ದೋಸೆ ಹಿಟ್ಟು ತರ್ತಾರಾ ಮಾರಾಯ್ರೆ?”

“ಯಾರಿಗೂ ಗೊತ್ತಾಗ್ಲಿಲ್ಲ ತಾನೇ ಡ್ಯಾಡ್?” ಮೆಲಿಶಾ ಕೇಳಿದಳು. ಅವಳ ಕಣ್ಣಿನಲ್ಲಿ ಅಳುಕಿತ್ತು.

“ಒಂದು ನೊಣಕ್ಕೂ ಗೊತ್ತಿಲ್ಲ ಮಗಾ,” ಎಂದ ಕಮಿಲ್ಲಸ್. ಈ ಮಾತು ಅವನಿಗೆ ನಿಜವಾಗಿ ಸಂತೋಷ ಕೊಟ್ಟಿತು. ಮಗಳು ಬಗ್ಗಿ ಅವನ ಕೆನ್ನೆಗೆ ಮುತ್ತು ಕೊಟ್ಟಳು. ಪ್ಯಾಂಟು ಹಾಳಾದರೂ ಪ್ರಾಮಿಸ್ ಉಳಿಯಿತು ಎಂದು ಅವನ ಎದೆ ಹಗುರವಾಯಿತು. ಡಬ್ಬವನ್ನು ಮೇಜಿನ ನಡುವೆ, ಹೂವಿನ ಪಕ್ಕದಲ್ಲಿಟ್ಟು ಕರವಸ್ತ್ರದಿಂದ ಮುಚ್ಚಳ ಒರೆಸಿದ.

ಬಾಗಿಲು ತೆರೆಯಿತು. ಗಡ್ಡ ಬಿಟ್ಟ, ಇಸ್ತ್ರಿ ಅಂಗಿಯ, ಎತ್ತರದ ಹುಡುಗನೊಬ್ಬ ಹೂಗುಚ್ಛ ಹಿಡಿದುಕೊಂಡು ನಗುತ್ತ ಬಂದ. ಮೇಜಿನಿಂದ ಎರಡು ಹೆಜ್ಜೆ ದೂರದಲ್ಲಿ ಅವನ ನಗು ನಿಂತಿತು. ಅವನು ಡಬ್ಬವನ್ನು ನೋಡಿದ. ಮುಚ್ಚಳದ ಮೇಲಿನ ಚುಕ್ಕೆ ಅಕ್ಷರಗಳನ್ನು ನೋಡಿದ. ಆಮೇಲೆ ಮೆಲ್ಲಗೆ ಬಗ್ಗಿ ಮೇಜಿನ ಕೆಳಗೆ ನೋಡಿದ.

“ಅಮ್ಮ ಬಂದಿದಾರಾ?” ಎಂದ, ಉಸಿರಿನಲ್ಲೇ. “ಈಸ್ ಶೀ ಹಿಯರ್?”

ಮತ್ತೆ ಹಿಂದೆ ಹಿಂದೆಯೇ ಬಾಗಿಲ ಕಡೆ ಹೊರಟ. ಮೆಲಿಶಾ ಹೋಗಿ ಅವನ ತೋಳು ಹಿಡಿದಳು. “ಡ್ಯಾಡ್, ಇದು ಅಭಯ್. ಉಮಾ ಅಂಕಲ್ ಮಗ. ಅದಕ್ಕೇ ಅವರಿಗೆ ಹೇಳ್ಬೇಡಿ ಅಂದಿದ್ದು! ಅವರ ಡಬ್ಬ ಯಾಕೆ ತಂದ್ರಿ?”

ಕಮಿಲ್ಲಸ್ ಡಬ್ಬವನ್ನು ಹುಡುಗನ ಕಡೆ ಸರಿಸಿದ. “ನಿನಗೇ ತಂದದ್ದು ಅಭಯ್. ಗೋವ್‌ನಲ್ಲಿ ಕೊಡ್ಲಿಕ್ಕೆ ಹೇಳಿದ್ರು,” ಎಂದ.

ಅಭಯ್ ಕುರ್ಚಿಯಲ್ಲಿ ಕುಸಿದು ಕುಳಿತು, ಬೆರಳಿನಿಂದ ಒಂದಿಷ್ಟು ಹಿಟ್ಟು ತೆಗೆದು ನೆಕ್ಕಿದ. ಕಣ್ಣು ತುಂಬಿಕೊಂಡವು. “ನಾನು ಇವತ್ತು ಆನ್ ಕಾಲ್ ಡ್ಯೂಟಿ ಅಂತ ಮನೇಲಿ ಹೇಳಿದೀನಿ ಅಂಕಲ್. ಅಪ್ಪ ಅಮ್ಮ ಆಗಾಗ ಬಂದು ಹುಡುಗಿ ತೋರಿಸ್ತಾರೆ ಅಂತ್ಲೇ ಅಷ್ಟು ದೂರ ಕೆಲಸ ತಗೊಂಡಿದ್ದು. ಅಲ್ಲಿಗೆ ವಿಮಾನವೇ ಸರಿಯಾಗಿ ಬರಲ್ಲ ಅಂತ ಹೇಳಿ ನಂಬಿಸಿದೀನಿ. ಸರಿಯಾದ ಟೈಮ್ ನೋಡಿ ಮೆಲಿಶಾ ವಿಷಯ ನಾನೇ ಹೇಳ್ತೀನಿ. ಅಲ್ಲಿ ತನಕ ಆ ದೂರವೇ ನಮ್ಮನ್ನ ಕಾಪಾಡ್ಬೇಕು.”

ಹುಡುಗ ಒಳ್ಳೆಯವನೆಂದು ಕಮಿಲ್ಲಸ್‌ಗೆ ಅಲ್ಲೇ ಖಾತ್ರಿಯಾಯಿತು. ಅಮ್ಮನ ಹಿಟ್ಟಿಗೆ ಕಣ್ಣೀರು ಹಾಕುವವನು ಮಗಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾನೆ. ಡೊರೊಥಿಗೂ ಹಾಗೇ ಅನ್ನಿಸಿರಬೇಕು, ಹುಡುಗನ ತಟ್ಟೆಗೆ ಆಗಲೇ ಬ್ರೆಡ್ಡು ಹಾಕಿದ್ದಳು. ಆ ಹೊತ್ತಿಗೆ ಕಮಿಲ್ಲಸನ ಫೋನ್ ಬಡಿದುಕೊಂಡಿತು. ಉಮಾಶಂಕರ್.

“ವೈಪಾ ತಲುಪಿದ್ರಾ?” ದನಿ ಮೇಜಿನ ನಾಲ್ವರಿಗೂ ಕೇಳುವಷ್ಟು ಜೋರಾಗಿತ್ತು. “ತಾಳಿ, ಇಂದು ಅವಳ ಫೋನಿಂದ ಅಭಯ್‌ಗೆ ಮಾಡ್ತಿದಾಳೆ, ನೀವು ಬರ್ತಿದೀರ ಅಂತ ಹೇಳೋಕೆ.”

ಮರುಕ್ಷಣವೇ ಅಭಯ್‌ನ ಜೇಬಿನಿಂದ ವೀಣೆ ಮೊಳಗಿತು. ಇಂದು ಸ್ವತಃ ನುಡಿಸಿ, ಮಗನ ಫೋನಿಗೆ ಹಾಕಿಕೊಟ್ಟ ವೀಣೆ.

“ಕಮಿಲ್ಲಸ್! ಅದು ಅಭಯ್ ರಿಂಗ್‌ಟೋನ್ ಅಲ್ವೇನ್ರೀ?”

ಅಭ್ಯಾಸವಿಲ್ಲದ ಸುಳ್ಳುಗಾರನಿಗೆ ಮುಂದೆ ಹೋಗುವುದೊಂದೇ ಗೊತ್ತು. “ಹೌದು ಸರ್,” ಎಂದ ಕಮಿಲ್ಲಸ್. “ನಾನು ಗೋವ್‌ಗೇ ಬಂದು ಮುಟ್ಟಿದ್ದೇನೆ. ಅಭಯ್ ಇಲ್ಲೇ ಇದ್ದಾನೆ.”

“ಇಷ್ಟು ಬೇಗ?”

“ವೈಪಾದಲ್ಲಿ ಕೆಲಸ ಎಂತದ್ದೂ ಇರ್ಲಿಲ್ಲ. ವಿಮಾನ ಸಿಕ್ತು, ಬಂದೆ.”

ಆ ಕಡೆ ಉಮಾಶಂಕರ್ ಲೆಕ್ಕ ಹಾಕುತ್ತಿದ್ದರು. “ಗಾಳಿ ಹಿಂದಿನಿಂದ ಬೀಸಿರ್ಬೇಕು,” ಎಂದರು ಕೊನೆಗೆ. “ಅಲ್ಲದೆ ಅಲ್ಲಿ ಗಡಿಯಾರವೂ ಹಿಂದೆ. ಸರಿ ಹೋಯ್ತು. ಅಭಯ್‌ಗೆ ಕೊಡಿ.”

ಅಭಯ್ ಫೋನ್ ತೆಗೆದುಕೊಂಡ. “ಹಾಂ ಅಪ್ಪ. ಹಿಟ್ಟು ಸೂಪರ್ ಅಪ್ಪ.” ಹೊರಗೆ ಟ್ರಾಮೊಂದು ಟಿಂಗ್ ಟಿಂಗ್ ಎನ್ನುತ್ತ ಹೋಯಿತು. “ಅದಾ? ಎಮರ್ಜೆನ್ಸಿ ಬೆಲ್. ನಾನು ಹೋಗ್ಬೇಕು, ಅಂಕಲ್‌ಗೆ ಕೊಡ್ತೀನಿ.”

ಫೋನನ್ನು ಕೆಂಡದಂತೆ ದಾಟಿಸಿದ. ನಾಲ್ವರೂ ಉಸಿರು ಬಿಟ್ಟರು. ಕಮಿಲ್ಲಸ್ ಹಣೆ ಒರೆಸಿಕೊಂಡ. ಹಿಟ್ಟು ಹಣೆಗೂ ಹತ್ತಿತು.

“ಕಮಿಲ್ಲಸ್, ನಿಮ್ಮಿಂದ ಬಹಳ ದೊಡ್ಡ ಉಪಕಾರ ಆಯ್ತು ಕಣ್ರೀ,” ಎಂದರು ಉಮಾಶಂಕರ್. “ಆ ಊರಿಗೆ ಹೋಗೋಕಾಗಲ್ಲ, ಹೋಗೋಕಾಗಲ್ಲ ಅಂತ ಅಭಯ್ ಹೇಳೋದನ್ನೇ ನಂಬ್ಕೊಂಡು ಕೂತಿದ್ವಿ. ನೀವು ಒಂದು ಬೆಳಿಗ್ಗೇಲಿ ಹೋಗಿ ತೋರಿಸಿಬಿಟ್ರಿ. ಬೆಳಿಗ್ಗೆ ನಿಮ್ಮನ್ನ ಬಿಟ್ಟು ಬಂದ ಮೇಲೆ ಚಿತ್ರಾ ಬಂದಿದ್ಲು. ಮುಂದಿನ ಶನಿವಾರ ಎಲ್ಲರೂ ಹೊರಡೋದು ಅಂತ ತೀರ್ಮಾನ ಆಯ್ತು. ನಾವಿಬ್ಬರು, ಚಿತ್ರಾ, ಅವಳ ಅಕ್ಕ, ಭಾವ, ಆ ಹುಡುಗಿ, ಹುಡುಗಿಯ ಅಜ್ಜಿ. ಮೈಸೂರು ಪಾಕು ಕಳ್ಸಿದ್ಲಲ್ಲ, ಅದೇ ಹುಡುಗಿ. ಅವನು ಬರದಿದ್ರೇನು, ಹೆಣ್ಣು ನೋಡೋ ಶಾಸ್ತ್ರ ಅಲ್ಲೇ ಮಾಡಿದ್ರಾಯ್ತು. ಸರ್‌ಪ್ರೈಸು, ಅಭಯ್‌ಗೆ ಹೇಳ್ಬೇಡಿ, ಪ್ರಾಮಿಸ್?”

ಅಭಯ್ ಎದುರಿಗೇ ಕುಳಿತು ಒಂದೊಂದು ಮಾತನ್ನೂ ಕೇಳಿಸಿಕೊಳ್ಳುತ್ತಿದ್ದ. ಮೆಲಿಶಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು.

“ವೈಪಾ ತನಕ ಟಿಕೆಟ್ ಬುಕ್ ಮಾಡಿ ಆಯ್ತು. ನಿಮಗೂ ಮಾಡಿದೀನಿ, ದಾರಿ ಗೊತ್ತಿರೋರು ನೀವೊಬ್ರೇ. ವೈಪಾ ಟು ಗೋವ್ ಮಾತ್ರ ಇಂಟರ್ನೆಟ್ಟಲ್ಲಿ ಸಿಗ್ತಿಲ್ಲ. ಏರ್‌ಲೈನ್‌ನವರಿಗೆ ಫೋನ್ ಮಾಡಿದ್ರೆ ಅಂಥ ವಿಮಾನವೇ ಇಲ್ಲ ಅಂತಾನ್ರೀ ಆ ದಡ್ಡ! ನಮ್ಮ ಕಮಿಲ್ಲಸ್ ಇವತ್ತೇ ಅದರಲ್ಲಿ ಹೋಗ್ತಿದಾರೆ ಅಂತ ದಬಾಯಿಸಿದೆ, ಇಟ್ಟುಬಿಟ್ಟ. ಅದಕ್ಕೇ ನೀವು ಬಂದ ವಿಮಾನದವರ ಹೆಸರು ಹೇಳಿ, ಎಂಟು ಟಿಕೆಟ್ ಬೇಕು. ಹೋಗ್ಲಿ, ಈಗ ಸಂತೋಷವಾಗಿ ದೋಸೆ ತಿನ್ನಿ, ರಾತ್ರಿ ನಿಮ್ಮನ್ನ ಮನೆಗೆ ಕರ್ಕೊಂಡು ಬರೋಕೆ ಏರ್‌ಪೋರ್ಟಿಗೆ ಬರ್ತೀನಿ, ಆಗ ಹೇಳಿದ್ರಾಯ್ತು.”

“ಸರಿ ಸರ್,” ಎಂದ ಕಮಿಲ್ಲಸ್.

“ಇರಿ ಇರಿ, ಇಂದು ಏನೋ ಹೇಳ್ತಿದಾಳೆ. ಹಾಂ. ಆ ಡಬ್ಬ ವಾಪಸ್ ತರೋಕೆ ಹೋಗ್ಬೇಡಿ ಅಂತಾಳೆ. ಗೋವ್‌ನಲ್ಲೇ ಅಭಯ್ ಅಡುಗೆಮನೇಲಿ ಇಟ್ಟು ಬನ್ನಿ. ಮುಂದಿನ ಶನಿವಾರ ನಾವೇ ಬಂದು ತಗೋತೀವಿ.”